ಶುಕ್ರವಾರದ ಪ್ರಾರ್ಥನೆಯಲ್ಲಿ ನಾನು ಮುಚ್ಚಿದ ದನಿ

ಸಾಮೂಹಿಕ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮೈಕನ್ನೂ ಮುಚ್ಚಬೇಕೆಂಬ ನಿಯಮ ಮಾಡಿದವಳು ನಾನೇ. ಯಾರೂ ಹೇಳಿಕೊಟ್ಟದ್ದಲ್ಲ. ನಿಯಮ ಮಾಡಿದ ದಿನ ಸಭಾಪಾಲಕರು, "ಕಲತ ಹುಡಗಿ ಸಭಾದಾಗ ಇದ್ರ ಎಷ್ಟ ಅನುಕೂಲ ನೋಡ್ರಿ" ಎಂದು ಎಲ್ಲರೆದುರು ಹೇಳಿದ್ದರು. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಈಗ ಆ ಮಾತು ನೆನಪಾದರೆ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬರುತ್ತೇನೆ.

ನಾನಿರುವುದು ಮಿರಜಿನಲ್ಲಿ, ಆಸ್ಪತ್ರೆಗಳ ಬೀದಿಯ ಹಿಂದೆ, ಎರಡನೇ ಮಹಡಿಯ ಒಂದು ಬಾಡಿಗೆ ಕೋಣೆಯಲ್ಲಿ. ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಲ್ಯಾಬಿನಲ್ಲಿ ಮರಾಠಿ, ಮನೆಯ ಮಾಲೀಕರ ಜೊತೆ ಮರಾಠಿ, ರಿಕ್ಷಾದವನ ಜೊತೆ ಮರಾಠಿ. ಅವ್ವ ತೀರಿಕೊಂಡ ಮೇಲೆ ಕನ್ನಡದಲ್ಲಿ ಮಾತಾಡಬೇಕೆಂದರೆ ಶುಕ್ರವಾರದ ಉಪವಾಸ ಪ್ರಾರ್ಥನೆಯೇ ಬರಬೇಕು. ನಮ್ಮ ಚರ್ಚಿನ ದೊಡ್ಡ ಆರಾಧನೆ ಭಾನುವಾರ ಮರಾಠಿಯಲ್ಲಿ ನಡೆಯುತ್ತದೆ. ಕನ್ನಡದವರಿಗೆ ಶುಕ್ರವಾರ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ಒಂದು ತಾಸು. ನಾನು ಲ್ಯಾಬಿನಲ್ಲಿ ಆ ಒಂದು ತಾಸು ಬಿಡುವು ಕೇಳಿ ಪಡೆದುಕೊಂಡಿದ್ದೇನೆ.

ಲಾಕ್‌ಡೌನಿಗೆ ಮುಂಚೆ ಆ ಕೂಟಕ್ಕೆ ಏಳೆಂಟು ಜನ ಬರುತ್ತಿದ್ದರು. ಅದು ವಿಡಿಯೊ ಕರೆಯ ಮೇಲೆ ಹೋದ ಮೇಲೆ ನಲವತ್ತಾಯಿತು. ಆರಗದಿಂದ, ಸಾಂಗ್ಲಿಯ ಪೇಟೆಯ ಹಿಂದಿನ ಗಲ್ಲಿಗಳಿಂದ, ಹರಿಪುರದಿಂದ, ಬಸ್ಸು ಹತ್ತಿ ಬರಲಾಗದವರೆಲ್ಲ ಮನೆಯಲ್ಲೇ ಕೂತು ಸೇರಿಕೊಂಡರು. ಹಾಡುಗಳನ್ನು ತೆರೆಯ ಮೇಲೆ ತೋರಿಸುವುದು ನನ್ನ ಕೆಲಸ. ನಮ್ಮ ಹುಡುಗರಿಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಕನ್ನಡದ ಕೀರ್ತನೆಗಳನ್ನು ಮರಾಠಿಯ ಅಕ್ಷರದಲ್ಲಿ ಬರೆದು ಹಾಕುತ್ತಿದ್ದೆ. ಹಿರಿಯರು ನಗುತ್ತಿದ್ದರು. ಆದರೂ ಮೊಮ್ಮಕ್ಕಳು ಬಾಯಿಬಿಟ್ಟು ಹಾಡುವುದು ಕಂಡು ಸುಮ್ಮನಾದರು. ಚರ್ಚಿಗೆ ಈ ಯಂತ್ರಗಳಿಂದ ಏನುಪಯೋಗ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಮೊದಲು ಹೇಳುವುದು ಇದನ್ನೇ: ಮಾತು ಮರೆಯುತ್ತಿದ್ದ ಮಕ್ಕಳು ಅಜ್ಜಿಯ ಹಾಡನ್ನು ಅಜ್ಜಿಯ ಜೊತೆ ಹಾಡಿದರು. ಅದು ಸುಳ್ಳಲ್ಲ.

ತೊಂದರೆ ಬಂದದ್ದು ಸಾಮೂಹಿಕ ಪ್ರಾರ್ಥನೆಯಲ್ಲಿ. ನಮ್ಮಲ್ಲಿ ಹಾಡು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ, ತಮ್ಮ ತಮ್ಮ ಮಾತಿನಲ್ಲಿ, ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ. ಒಂದೇ ಕೋಣೆಯಲ್ಲಿ ಕೂತಾಗ ಅದು ತಗಡಿನ ಮೇಲೆ ಮಳೆ ಸುರಿದ ಹಾಗೆ ಕೇಳುತ್ತದೆ. ಯಾರ ಮಾತೂ ಯಾರಿಗೂ ತಿಳಿಯದು, ಆದರೆ ಎಲ್ಲರೂ ಇದ್ದಾರೆಂದು ಗೊತ್ತಾಗುತ್ತದೆ. ಫೋನಿನಲ್ಲಿ ಅದೇ ಕರ್ಕಶವಾಯಿತು. ಒಬ್ಬರ ದನಿ ಇನ್ನೊಬ್ಬರದನ್ನು ನುಂಗುತ್ತಿತ್ತು, ನಡುವೆ ಕುಕ್ಕರಿನ ಸೀಟಿ, ನಾಯಿ, ಪಕ್ಕದ ಮನೆಯ ಟಿವಿ. ಒಮ್ಮೆ ಸಾಂಗ್ಲಿಯ ಅತ್ತೆಯೊಬ್ಬರು ಕಣ್ಣು ಮುಚ್ಚಿ ಸ್ತೋತ್ರ ಹೇಳುತ್ತ ಹೇಳುತ್ತ, "ಏ, ಹಾಲು ಉಕ್ಕಾಕತ್ತೈತಿ, ನಿಂಗೇನು ಮೂಗಿಲ್ಲೇನ?" ಎಂದು ಸೊಸೆಯನ್ನು ಬೈದು, ಅದೇ ಉಸಿರಿನಲ್ಲಿ "ಆಮೆನ್" ಎಂದಿದ್ದು ನಲವತ್ತು ಮನೆಗೂ ಕೇಳಿತ್ತು. ವಾರಗಟ್ಟಲೆ ಅದೇ ನಗೆ.

ಆಗ ನಿಯಮ ಮಾಡಿದೆ. ಸಾಮೂಹಿಕ ಪ್ರಾರ್ಥನೆ ಶುರುವಾದೊಡನೆ ನಾನು ಎಲ್ಲರನ್ನೂ ಮ್ಯೂಟ್ ಮಾಡುವುದು, ಅವರೇ ಬಿಚ್ಚಿಕೊಳ್ಳಲು ಬಾರದಂತೆ ಕಟ್ಟಿಡುವುದು. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಗಟ್ಟಿಯಾಗಿ ಪ್ರಾರ್ಥಿಸಲಿ, ಕೇಳುವುದು ಸಭಾಪಾಲಕರ ದನಿ ಒಂದೇ. ಎಲ್ಲರ ಬಾಯಿ ಅಲುಗುವುದು ಮಾತ್ರ ಕಾಣುತ್ತಿತ್ತು. ಕೂಟ ಶಾಂತವಾಯಿತು.

ಹರಿಪುರದ ಮಾವಶಿ, ಮರಾಠಿಯಲ್ಲಿ ಹಾಗೆಂದರೆ ಚಿಕ್ಕಮ್ಮ, ಈ ಕೂಟದಿಂದಲೇ ನನಗೆ ಹತ್ತಿರವಾದವರು. ಅವರು ಮತ್ತು ಅವರ ಅಕ್ಕ, ಇಬ್ಬರೂ ನರ್ಸುಗಳಾಗಿ ದುಡಿದು ನಿವೃತ್ತರಾದವರು, ಮದುವೆ ಮಾಡಿಕೊಂಡವರಲ್ಲ. ಅಕ್ಕನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಅಕ್ಕನನ್ನು ಬಿಟ್ಟು ಅರ್ಧ ತಾಸೂ ಹೊರಗೆ ಹೋಗುವಂತಿರದ ಮಾವಶಿಗೆ ಫೋನೇ ಚರ್ಚು. ಕೂಟ ಮುಗಿದು ಎಲ್ಲರೂ ಹೋದ ಮೇಲೂ ನಾವಿಬ್ಬರು ಐದು ನಿಮಿಷ ತೆರೆಯ ಮೇಲೆ ಉಳಿಯುತ್ತಿದ್ದೆವು. "ಊಟಕ್ಕ ಏನ ಮಾಡೀದಿ ಮಗಳ?" ಎಂದು ಕೇಳುತ್ತಿದ್ದರು. ಡಬ್ಬಿ ತರಿಸುತ್ತೇನೆ ಎಂದರೆ, "ಡಬ್ಬಿ ತಿಂದ ತಿಂದ ನೀನೂ ಒಂದಿನ ಡಬ್ಬ್ಯಾಗತಿ" ಎನ್ನುತ್ತಿದ್ದರು. ಆ ವಾರ ಬೇರೆ ಯಾರೂ ನನ್ನನ್ನು ಊಟದ ವಿಷಯ ಕೇಳಿರುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಕೃಷ್ಣೆಯೂ ವಾರಣೆಯೂ ಒಟ್ಟಿಗೆ ತುಂಬಿದವು. ಹರಿಪುರದವರಿಗೆ ಅದು ಹೊಸದಲ್ಲ. ಸಂಗಮದ ಘಾಟಿನ ಮೆಟ್ಟಿಲು ಎಷ್ಟು ಮುಳುಗಿದವೆಂದು ನೋಡಿ ಯಾವಾಗ ಹೊರಡಬೇಕೆಂದು ಅವರೇ ತೀರ್ಮಾನಿಸುತ್ತಾರೆ. ಗುರುವಾರ ಸಂಜೆ ಊರಲ್ಲಿ ಸೈರನ್ನಿನ ಭೋಂಗಾ ಹಾಕಿ ಎಚ್ಚರಿಕೆ ಕೊಟ್ಟರು. ಮಾವಶಿ ಸಭಾಪಾಲಕರಿಗೆ ಫೋನು ಮಾಡಿ, ಅಕ್ಕನನ್ನು ಮಲಗಿಸಿಕೊಂಡು ಹೋಗಲು ಗಾಡಿ ಬೇಕೆಂದರು. ಸಭೆಯ ಒಬ್ಬರ ಜೀಪು ಗೊತ್ತಾಯಿತು. ಮನೆಯಿಂದ ನದಿ ಇನ್ನೂ ದೂರವಿದೆ, ಶುಕ್ರವಾರ ಪ್ರಾರ್ಥನೆ ಮುಗಿದೊಡನೆ ಹನ್ನೆರಡಕ್ಕೆ ಹೊರಡೋಣವೆಂದು ಮಾತಾಯಿತು. ಉಪವಾಸ ಪ್ರಾರ್ಥನೆಯನ್ನು ನಡುವೆ ಬಿಟ್ಟು ಹೋಗುವುದು ನಮ್ಮವರಿಗೆ ಯೋಚನೆಗೂ ಬರುವ ಮಾತಲ್ಲ. ಮಾವಶಿಯೂ ಹೂಂ ಅಂದರು. ನಾನೂ ಹೂಂ ಅಂದೆ.

ನೀರು ನದಿಯ ಕಡೆಯಿಂದ ಬರಲಿಲ್ಲ. ಮನೆಯ ಹಿಂದಿನ ನಾಲೆಯಿಂದ ಹಿಮ್ಮುಖವಾಗಿ ಏರಿ ಬಂತು.

ಶುಕ್ರವಾರ ನಾನು ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ಫೋನನ್ನು ಸದ್ದಿಲ್ಲದಂತೆ ಮಾಡಿ ಬೋರಲು ಹಾಕಿದ್ದೆ, ಅದೂ ನನ್ನದೇ ಇನ್ನೊಂದು ನಿಯಮ. ಅದರಲ್ಲಿ ಮಾವಶಿಯ ಎರಡು ಕರೆ ಬಂದು ಹೋದದ್ದು ಆಮೇಲೆ ತಿಳಿಯಿತು. ಹನ್ನೊಂದೂ ಇಪ್ಪತ್ತೆರಡಕ್ಕೆ ಸಾಮೂಹಿಕ ಪ್ರಾರ್ಥನೆ ಶುರುವಾಯಿತು. ಎಲ್ಲರನ್ನೂ ಮ್ಯೂಟ್ ಮಾಡಿದೆ. ಎರಡು ನಿಮಿಷಕ್ಕೆ ಮಾವಶಿ ಒಳಗೆ ಬರಲು ಕೇಳಿದರು, ಬಿಟ್ಟುಕೊಂಡೆ.

ಅವರ ಮುಖ ತೆರೆಗೆ ತೀರ ಹತ್ತಿರವಿತ್ತು. ಕಣ್ಣಲ್ಲಿ ನೀರು. ಒಂದು ಕೈ ಮೇಲಕ್ಕೆತ್ತಿದ್ದರು. ಬಾಯಿ ಒಂದೇ ಸವನೆ ಆಡುತ್ತಿತ್ತು. ಸುತ್ತಲಿನ ಮೂವತ್ತೊಂಬತ್ತು ಮುಖಗಳಲ್ಲೂ ಬಾಯಿ ಆಡುತ್ತಿತ್ತು, ಕೈ ಎತ್ತಿತ್ತು, ಎಷ್ಟೋ ಜನರ ಕೆನ್ನೆ ಒದ್ದೆಯಾಗಿತ್ತು. ಅಕ್ಕನ ಚಿಂತೆ ಇರಬೇಕು, ಪಾಪ, ಇವತ್ತು ಎಷ್ಟು ಕರಗಿ ಪ್ರಾರ್ಥಿಸುತ್ತಿದ್ದಾರೆ ಎಂದುಕೊಂಡೆ.

ಸಭಾಪಾಲಕರೂ ನೋಡಿದರು. ನಡುವೆ ನಿಲ್ಲಿಸಿ, "ನೋಡ್ರಿ, ಹರಿಪುರದ ನಮ್ಮ ಸಿಸ್ಟರ್ ಹ್ಯಾಂಗ ಕಣ್ಣೀರ ಹಾಕಾಕತ್ತಾರ. ಹಿಂಗ ಬೇಡಬೇಕರಿ ದೇವರ ಹತ್ರ! ನಾವು ಹಿಂಗ ಬೇಡೇವೇನು?" ಎಂದರು. ಎಲ್ಲರಿಗೂ ಉತ್ತೇಜನವಾಗಲೆಂದು ನಾನು ಮಾವಶಿಯ ಮುಖವನ್ನು ಎಲ್ಲರ ತೆರೆಯ ಮೇಲೆ ದೊಡ್ಡದು ಮಾಡಿ ಹಾಕಿದೆ. ಅದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು. ಒತ್ತಿ, ಕ್ಯಾಮೆರಾದತ್ತ ನೋಡಿ ಅವರಿಗೆ ಕೈ ಮುಗಿದೆ.

ಹೀಗೆ ಹನ್ನೊಂದು ನಿಮಿಷ ಹೋಯಿತು.

ಅದು ನಿಂತದ್ದು ಆರಗದ ಕಾಕಾನಿಂದ. ಅವರು ನಲವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು, ಗಿರಣಿಯ ಸದ್ದಿಗೆ ಕಿವಿ ಹೋಗಿದೆ. ಗಿರಣಿಯಲ್ಲಿ ಕೆಲಸ ಮಾಡುವವರು ಎದುರಿನವರ ಮಾತನ್ನು ತುಟಿ ನೋಡಿ ತಿಳಿಯುತ್ತಾರೆ. ಗೋದಿಯೋ ಜೋಳವೋ, ರವೆಯೋ ಹಿಟ್ಟೋ, ಎಲ್ಲ ಬಾಯಿಯ ಆಕಾರದಲ್ಲೇ. ಕಾಕಾ ಸೊಸೆಯ ಫೋನು ಹಿಡಿದು ಕೂಟಕ್ಕೆ ಬರುತ್ತಿದ್ದದ್ದೂ ಮುಖ ನೋಡಲು ಮಾತ್ರ. ಮಾವಶಿಯ ಮುಖ ತೆರೆಯ ತುಂಬ ಬಂದಾಗ ಅವರು ಕೈ ಬೀಸಿ ಕೂಗಿದರಂತೆ. ಅವರ ಮೈಕೂ ನಾನು ಮುಚ್ಚಿದ್ದೆ. ಕೈ ಬೀಸುವುದು ಸ್ತುತಿಯ ಹಾಗೇ ಕಂಡಿತು. ಕೊನೆಗೆ ಅವರು ಕೂಟದಿಂದ ಹೊರಬಿದ್ದು ಸಭಾಪಾಲಕರ ಫೋನಿಗೆ ಕರೆ ಮಾಡಿದರು. ಸಭಾಪಾಲಕರು ಪ್ರಾರ್ಥನೆ ನಡೆಸುತ್ತಿದ್ದದ್ದು ಇನ್ನೊಂದು ಫೋನಿನಿಂದ. ಎರಡು ಸಲ ಕತ್ತರಿಸಿದರು. ಮೂರನೆಯ ಸಲ ಎತ್ತಿದರು. ತೆರೆಯಲ್ಲಿ ಅವರ ದನಿ ನಿಂತು, ಅವರು ಫೋನು ಕಿವಿಗಿಟ್ಟುಕೊಂಡದ್ದು ಕಂಡಿತು. ಆ ಕಡೆಯಿಂದ ಕಾಕಾ, ತನಗೆ ಏನೂ ಕೇಳದಿದ್ದರೂ, ಒಂದೇ ಮಾತನ್ನು ಮತ್ತೆ ಮತ್ತೆ ಕೂಗುತ್ತಿದ್ದರಂತೆ: "ಅದು ಪ್ರಾರ್ಥನಾ ಅಲ್ರೀ! ನೀರ ಬಂತು ಅನ್ನಾಕತ್ತಾಳ! ಅಕ್ಕನ್ನ ಎತ್ತ ಬರ್ರಿ ಅನ್ನಾಕತ್ತಾಳ!"

ಸಭಾಪಾಲಕರು ಕೂಗಿದರು. "ಏ ತಂಗಿ, ಹರಿಪುರದ ಮೈಕ್ ಬಿಡು! ಲಗೂನ ಬಿಡು!"

ಬಿಟ್ಟೆ. ಮೊದಲು ಬಂದದ್ದು ನೀರಿನ ಸದ್ದು, ಬಕೆಟ್ಟೊಂದು ಗೋಡೆಗೆ ಬಡಿಯುವ ಸದ್ದು. ಆಮೇಲೆ ಮಾವಶಿಯ ದನಿ. ಅದಾಗಲೇ ಒಡೆದುಹೋಗಿತ್ತು.

"ಎಲ್ಲಿಗೆ ಬಂದೈತ್ರಿ ಜೀಪು? ಅಕ್ಕನ ಕಾಟಿನ ಮಟ ಬಂತು ನೀರು."

ಜೀಪು ಮಿರಜಿನಲ್ಲೇ, ಚರ್ಚಿನ ಅಂಗಳದಲ್ಲೇ ನಿಂತಿತ್ತು.

ಜೀಪು ಹೊರಟರೂ ಇನ್ನು ಆ ನೀರಿನಲ್ಲಿ ಮನೆ ಮುಟ್ಟಲಾರದೆಂದು ಸಭಾಪಾಲಕರು ಎಲ್ಲರನ್ನೂ ಕೂಟ ಬಿಟ್ಟು ತಮ್ಮ ತಮ್ಮ ಗುರುತಿನವರಿಗೆ ಫೋನು ಮಾಡಲು ಹೇಳಿದರು. ಮಾವಶಿಯ ಮನೆ ಎಲ್ಲಿದೆಯೆಂದು ನಕಾಶೆಯ ಗುರುತು ಹಾಕಿ ನಾನು ಗುಂಪಿಗೆ ಕಳಿಸಿದೆ. ಮುಖಗಳು ಒಂದೊಂದಾಗಿ ಆರಿದವು. ತೆರೆಯ ಮೇಲೆ ನಾನೂ ಮಾವಶಿಯೂ ಉಳಿದೆವು, ಪ್ರತಿ ಶುಕ್ರವಾರದ ಹಾಗೆ.

"ಮಾವಶಿ, ಟೇಬಲ್ ಐತೇನ್ರಿ?"

"ಐತಿ. ಆದ್ರ ಅಕ್ಕನ್ನ ಒಬ್ಬಾಕಿ ಎತ್ತಾಕ ಆಗವಲ್ದು ಮಗಳ. ಭಾಳ ವಜ್ಜ ಅದಾಳ."

"ಟೇಬಲ್ ಕಾಟಿಗೆ ಹಚ್ಚರಿ. ಸೀರಿ ಕೆಳಗ ಹಾಕಿ ಎಳೀರಿ. ವಾರ್ಡಿನ್ಯಾಗ ಪೇಷಂಟ್ ಬದಲಿ ಮಾಡ್ತಿದ್ರೆಲ್ಲಾ, ಹಂಗ."

ಅಷ್ಟು ಹೊತ್ತಿಗೆ ಅವರು ಫೋನನ್ನು ಎತ್ತರದ ಕಪಾಟಿನ ಮೇಲೆ ಇಟ್ಟಿದ್ದರು. ನನಗೆ ಕಂಡದ್ದು ಚಾವಣಿ, ನಿಂತ ಫ್ಯಾನು, ಒಂದು ಹಲ್ಲಿ. ಕೆಳಗಿನಿಂದ ಮಾವಶಿಯ ಏದುಸಿರು. ವಾರ್ಡಿನಲ್ಲಿ ಎಣಿಸುವ ಹಾಗೆ, "ಒಂದು, ಎರಡು, ಮೂರು" ಎನ್ನುತ್ತಿದ್ದರು. ಮೂರು ಅಂದಾಗಲೆಲ್ಲ ಏನೋ ಜರುಗಿದ ಸದ್ದು. ನಾನೂ ಮಿರಜಿನ ನನ್ನ ಕೋಣೆಯಲ್ಲಿ ಎದ್ದು ನಿಂತು ಒಂದು, ಎರಡು, ಮೂರು ಎನ್ನುತ್ತಿದ್ದೆ. ಹೊರಗೆ ಬಿಸಿಲು ಬಂದಿತ್ತು. ಕೆಳಗೆ ಯಾರೋ ಗುಜರಿಯವನನ್ನು ಕರೆದು ಹಳೆಯ ಪೇಪರು ತೂಗಿಸುತ್ತಿದ್ದರು.

"ಬಂದಳು," ಎಂದರು ಮಾವಶಿ. "ಟೇಬಲ್ ಮ್ಯಾಲ ಬಂದಳು."

"ನೀವು?"

"ನಾ ನಿಂತೇನಿ. ನನ್ನ ಟೊಂಕದ ಮಟ ಬಂದೈತಿ." ಆಮೇಲೆ, "ಯಾರರ ಬರತಾರ, ಹೌದಿಲ್ಲೋ?"

ಬರುತ್ತಾರೆ ಎಂದೆ. ನನಗೆ ಗೊತ್ತಿರಲಿಲ್ಲ. ಪ್ರಾರ್ಥಿಸೋಣವೇ ಎಂದು ಕೇಳಲು ಬಾಯಿ ಬರಲಿಲ್ಲ. ಅವರೇ ಕೇಳಿದರು, "ಊಟ ಮಾಡೀದೇನ ನೀ?" ಇವತ್ತು ಉಪವಾಸ ಎಂದೆ. "ಹೌದಲ್ಲ," ಎಂದರು.

ಸಾಂಗ್ಲಿಯ ಅರಿಸಿನ ಗೋದಾಮಿನಲ್ಲಿ ಕೆಲಸ ಮಾಡುವ ನಮ್ಮ ಸಭೆಯವರೊಬ್ಬರಿಗೆ ಹರಿಪುರದ ಒಂದು ಗಾಣದ ಮನೆಯ ಗುರುತಿತ್ತು. ನಾನು ಕಳಿಸಿದ ಗುರುತನ್ನು ಅವರು ಅಲ್ಲಿಗೆ ಕಳಿಸಿದ್ದರು. ಆ ಮನೆಯ ಇಬ್ಬರು ಗಂಡಸರು ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯನ್ನು ನೀರಿಗಿಳಿಸಿ, ಅದನ್ನೇ ದೋಣಿ ಮಾಡಿಕೊಂಡು, ಬಿದಿರು ಗಳ ಹಿಡಿದು ಬಂದರು. ಬಾಗಿಲು ಒದ್ದ ಸದ್ದು ಕೇಳಿತು. "ಮಾವಶಿ, ಘಾಬರೂ ನಕಾ, ಆಮ್ಹೀ ಆಲೋ," ಎಂದ ಗಂಡುದನಿ. ಹೆದರಬೇಡಿ, ಬಂದೆವು ಎಂದು. ಮಾವಶಿ ಮರಾಠಿಯಲ್ಲಿ, ಮೊದಲು ಅಕ್ಕ, ಮೊದಲು ಅಕ್ಕ, ತಲೆ ಹಿಡಿಯಿರಿ, ಬಲಗೈ ಎಳೆಯಬೇಡಿ ಎಂದು ಥೇಟ್ ವಾರ್ಡಿನ ಸಿಸ್ಟರ್ ಹಾಗೆ ಹುಕುಂ ಮಾಡತೊಡಗಿದರು. ಯಾರದೋ ಗಳ ಕಪಾಟಿಗೆ ತಾಗಿರಬೇಕು. ಫ್ಯಾನು ತಿರುಗಿದ ಹಾಗೆ ಕಂಡು, ತೆರೆ ಕಪ್ಪಾಯಿತು.

ಮುಕ್ಕಾಲು ತಾಸಿನ ಮೇಲೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. "ದೋಘೀ ಬಾಹೇರ ಆಹೇತ." ಇಬ್ಬರೂ ಹೊರಗಿದ್ದಾರೆ. ನಾನು ನೆಲದ ಮೇಲೆ ಕೂತೆ. ಲ್ಯಾಬಿಗೆ ಹೋಗಬೇಕಾಗಿತ್ತು, ಹೋದೆ. ಸಂಜೆಯವರೆಗೆ ರಿಪೋರ್ಟುಗಳನ್ನು ಟೈಪು ಮಾಡಿದೆ. ಯಾರಿಗೂ ಹೇಳಲಿಲ್ಲ, ಯಾವ ಭಾಷೆಯಲ್ಲಿ ಹೇಳಬೇಕೆಂದೇ ಹೊಳೆಯಲಿಲ್ಲ.

ಅಕ್ಕ ತಂಗಿ ಇಬ್ಬರಿಗೂ ಚರ್ಚಿನ ಹಿಂದಿನ ಒಂದು ಕೋಣೆ ಕೊಟ್ಟರು. ಮೂರನೆಯ ಭಾನುವಾರ ಸಭಾಪಾಲಕರು ಈ ಘಟನೆಯನ್ನು ಸಾಕ್ಷಿಯಾಗಿ ಹೇಳಿದರು. ಹರಿಪುರದ ಸಹೋದರಿ ಕಣ್ಣೀರಿಟ್ಟು ಪ್ರಾರ್ಥಿಸಿದರು, ದೇವರು ಕಿವುಡನ ಮೂಲಕ ಕೇಳಿಸಿದ, ಕೊಪ್ಪರಿಗೆ ಕಳಿಸಿದ. ಜನ ಚಪ್ಪಾಳೆ ತಟ್ಟಿದರು. ಕೂಟ ಮುಗಿದ ಮೇಲೆ ನನ್ನ ಹತ್ತಿರ ಬಂದು, "ತಂಗಿ, ಆಕೀ ಪ್ರಾರ್ಥನಾ ಮಾಡೋ ರೆಕಾರ್ಡಿಂಗ್ ಇರಬೇಕಲ್ಲ, ಸಭಾದ ಚಾನೆಲ್ ಮ್ಯಾಲ ಹಾಕೋಣು. ಎಷ್ಟ ಮಂದಿಗೆ ವಿಶ್ವಾಸ ಬರತೈತಿ," ಎಂದರು.

ಪ್ರತಿ ಕೂಟದ ರೆಕಾರ್ಡಿಂಗ್ ನನ್ನಲ್ಲಿ ಇರುತ್ತದೆ. ಇದೂ ಇತ್ತು. ಆ ಮೂರು ವಾರಗಳಲ್ಲಿ ಎಷ್ಟು ಸಲ ನೋಡಿದ್ದೆನೆಂದು ಲೆಕ್ಕವಿಲ್ಲ. ಲ್ಯಾಬಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ತೆರೆದು ಕೂರುತ್ತಿದ್ದೆ. ಅದರಲ್ಲಿ ಮಾವಶಿಯ ದನಿ ಇಲ್ಲ, ಸಭಾಪಾಲಕರ ಪ್ರಾರ್ಥನೆ ಒಂದೇ ಇದೆ. ಮಾವಶಿಯ ಹಿಂದಿನ ಗೋಡೆಯ ಮೇಲೆ ಒದ್ದೆಯ ಗೆರೆ ಏರುವುದು ಒಮ್ಮೆ ಕಂಡ ಮೇಲೆ ಬೇರೇನೂ ಕಾಣುವುದಿಲ್ಲ. ಅಂದು ಅದೇಕೆ ಕಾಣಲಿಲ್ಲ? ಮೂಲೆಯಲ್ಲಿ ನನ್ನ ಮುಖವಿದೆ. ನಾನು ನಸುನಗುತ್ತ ಕೈ ಮುಗಿಯುತ್ತೇನೆ. ಹನ್ನೊಂದೂ ಇಪ್ಪತ್ತೆಂಟಕ್ಕೆ ಮಾವಶಿ ಥಟ್ಟನೆ ಬಾಯಿ ಮುಚ್ಚುತ್ತಾರೆ, ಕಿಟಕಿಯತ್ತ ನೋಡುತ್ತಾರೆ, ತೆರೆಯತ್ತ ನೋಡುತ್ತಾರೆ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಅದೇಕೆ ಎಂದು ನನಗೆ ತಿಳಿಯಲಿಲ್ಲ. ಪ್ರಾಣಕ್ಕೆ ಬಂದಾಗ ಯಾರಾದರೂ ಸುಮ್ಮನಿರುತ್ತಾರೆಯೇ?

ಸಭಾಪಾಲಕರಿಗೆ, ರೆಕಾರ್ಡಿಂಗ್ ಸರಿಯಾಗಿ ಆಗಿಲ್ಲ ಎಂದು ಸುಳ್ಳು ಹೇಳಿದೆ. ಮುಂದಿನ ರಜೆಯ ದಿನ ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಆರಗದ ಬಸ್ಸು ಹತ್ತಿದೆ.

ಕಾಕಾ ಮುಚ್ಚಿದ ಗಿರಣಿಯ ಕಟ್ಟೆಯ ಮೇಲೆ ಕೂತಿದ್ದರು. "ಬಾ ಬಾ, ಮೈಕ್ ಮುಚ್ಚೋ ಹುಡಗಿ ಬಂದ್ಲು," ಎಂದು ಗಟ್ಟಿಯಾಗಿ ನಕ್ಕರು. ಅವರಿಗೆ ಅದು ಹಾಸ್ಯ. ಸೊಸೆ ಒಳಗಿನಿಂದ, "ಮಾವಾರ, ಹಂಗ ಅನಬ್ಯಾಡ್ರಿ," ಎಂದದ್ದು ಅವರಿಗೆ ಕೇಳಲಿಲ್ಲ. ರೆಕಾರ್ಡಿಂಗ್ ಹಚ್ಚಿ, ಮಾವಶಿ ಏನೇನು ಹೇಳಿದ್ದಾರೆಂದು ಓದಿ ಹೇಳಿ ಎಂದು ಕೈಸನ್ನೆಯಲ್ಲಿ ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ತೆರೆಗೆ ಮೂಗು ತಾಗುವಷ್ಟು ಬಾಗಿದರು.

"ನೀರು ಬಂತು ಅಂದ್ಲು. ಹಿಂದಿನ ಕಡೆಯಿಂದ ಅಂದ್ಲು. ಅಕ್ಕನ್ನ ಎತ್ತ ಬರ್ರಿ ಅಂದ್ಲು. ಇಲ್ಲೆ... ಇಲ್ಲೆ ನಿನ್ನ ಹೆಸರ ಹಿಡದ ಕರದಾಳ. ಎರಡು ಸಲ. ಮೂರು." ಅವರು ಬೆರಳು ಮಡಿಸುತ್ತ ಹೋದರು. ನಾನು ಬೇರೆ ಕಡೆ ನೋಡಿದೆ. "ಇಲ್ಲೆ ಸುಮ್ಮನಾದ್ಲು. ಯಾಕ ಸುಮ್ಮನಾದ್ಲು?" ಎಂದು ನನ್ನನ್ನೇ ಕೇಳಿದರು.

ನನಗೂ ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸಿದೆ.

ಕಾಕಾ ಕನ್ನಡಕ ತೆಗೆದರು. "ಆಡಿದ ಮಾತ ಓದತೇನಿ ತಂಗಿ. ಆಡದ್ದ ಹ್ಯಾಂಗ ಓದಲಿ? ಆಕೀನ್ನ ಕೇಳು."

ಎರಡು ದಿನ ಬಿಟ್ಟು ಕೇಳಲು ಹೋದೆ. ಚರ್ಚಿನ ಹಿಂದಿನ ಕೋಣೆಯಲ್ಲಿ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮಾವಶಿ ಅವರ ಬೆನ್ನಿಗೆ ಪೌಡರು ಹಚ್ಚುತ್ತಿದ್ದರು. ಅವರ ಕೈಗೊಂದು ಕೆಲಸವಿದ್ದದ್ದು ಒಳ್ಳೆಯದಾಯಿತು, ನನ್ನ ಮುಖ ನೋಡಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ದನಿ ಮುಚ್ಚಿದ್ದು, ನೀವೇ ತೆರೆಯಲು ಬಾರದಂತೆ ಕಟ್ಟಿಟ್ಟಿದ್ದು, ಫೋನು ಬೋರಲು ಹಾಕಿದ್ದು, ಪ್ರಾರ್ಥನೆಯೆಂದು ತಿಳಿದದ್ದು, ಮುಖ ದೊಡ್ಡದು ಮಾಡಿ ಹಾಕಿದ್ದು.

"ಗೊತ್ತೈತಿ," ಎಂದರು. "ಮೈಕಿನ ಮ್ಯಾಲ ಕೆಂಪ ಗೆರಿ ಇತ್ತಂತ ಆಮ್ಯಾಲ ಯಾರೋ ಹೇಳಿದ್ರು. ಆ ಹೊತ್ತಿನ್ಯಾಗ ಯಾರ ನೋಡತಾರ ಕೆಂಪ ಗೆರಿ?"

"ನಡಕ ನೀವು ಸುಮ್ಮನಾದ್ರಿ. ಕಿಡಕಿ ಕಡೆ ನೋಡಿದ್ರಿ."

ಪೌಡರಿನ ಡಬ್ಬಿಯ ಮುಚ್ಚಳ ಹಾಕಿದರು. "ಅದಾ? ಪಾಟೀಲರ ಟ್ರ್ಯಾಕ್ಟರ್ ಹೊಂಟಿತ್ತು ಗಲ್ಯಾಗ. ಟ್ರಾಲಿ ತುಂಬ ಮಂದಿ. ನಮ್ಮ ಮನಿ ಮುಂದ ಹಾಯ್ದ ಹೋತು."

"ಕರೀಲಿಲ್ಲೇನ್ರಿ?"

"ಯಾಕ ಕರೀಲಿ? ನನ್ನ ಮಾರಿ ಇಷ್ಟ ದೊಡ್ಡದಾಗಿ ಬಂತು. ಸಭಾಪಾಲಕರು ನನ್ನ ಬಗ್ಗೇನ ಮಾತಾಡಾಕತ್ತಿದ್ರು, ನೀರಿನ ಸಪ್ಪಳದಾಗ ಹರಿಪುರ ಅನ್ನೂದಷ್ಟ ಕೇಳಿಸ್ತು. ನೀ ನನ್ನ ನೋಡಿ ಕೈ ಮುಗದಿ. ಎಲ್ಲಾರೂ ಕೇಳ್ಯಾರ, ಜೀಪು ಹೊಂಟೈತಿ ಅನಕೊಂಡೆ. ಟ್ರಾಲಿಯಾಗ ಕೂಸು ಕುನ್ನಿ ಭಾಳ ಇದ್ವು. ನಮ್ಮ ಗಾಡಿ ಬರಾಕತ್ತೈತಿ, ಅವರ ಜಾಗಾ ಯಾಕ ಹಿಡೀಬೇಕು ಅಂತ ಬಿಟ್ಟೆ."

ನಾನು ಅಳಲಿಲ್ಲ. ಅಳು ಬಂದಿದ್ದರೆ ಸಮಾಧಾನ ಮಾಡುವ ಕೆಲಸವೂ ಅವರ ಪಾಲಿಗೇ ಬೀಳುತ್ತಿತ್ತು. "ನನ್ನ ಮ್ಯಾಲ ಸಿಟ್ಟೈತೇನ್ರಿ ಮಾವಶಿ?" ಎಂದೆ.

"ಐತಿ," ಎಂದರು. "ಇಲ್ಲ ಅಂದ್ರ ಸುಳ್ಳ ಆಕ್ಕೈತಿ. ಅಕ್ಕ ಆ ದಿನದಿಂದ ನೀರಿನ ಸಪ್ಪಳ ಕೇಳಿದ್ರ ನಡಗತಾಳ. ನಳಾ ಬಿಡಾಕೂ ಬರೂದಿಲ್ಲ. ಸಿಟ್ಟ ಇದ್ರ ಇರಲಿ, ನೀ ಚಾ ಕುಡಿ."

ಚಹಾ ಕುಡಿದೆ. ಏಳುವಾಗ, ಸಭಾಪಾಲಕರು ರೆಕಾರ್ಡಿಂಗ್ ಕೇಳಿದ್ದನ್ನೂ ನಾನು ಸುಳ್ಳು ಹೇಳಿದ್ದನ್ನೂ ಹೇಳಿದೆ. ಅಳಿಸಿಬಿಡಲೇ ಎಂದು ಕೇಳಿದೆ. ಮಾವಶಿ ಬಹಳ ಹೊತ್ತು ಅಕ್ಕನ ಹೊದಿಕೆ ಸರಿಮಾಡಿದರು.

"ನಾ ಅತ್ತು ಪ್ರಾರ್ಥನಾ ಮಾಡಿದೆ ಅಂತ ಮಂದಿ ಚಪ್ಪಾಳಿ ಹೊಡೀತಾರ. ನಾ ಪ್ರಾರ್ಥನಾ ಮಾಡಿಲ್ಲ ಮಗಳ. ದೇವರ ನೆನಪೂ ಬರಲಿಲ್ಲ ನನಗ. ನಾ ನಿಮ್ಮನ್ನ ಕರದೆ. ಅದನ್ನ ಯಾರರ ಹೇಳಬೇಕು. ನಾ ಹೇಳಿದ್ರ ವಿಶ್ವಾಸ ಇಲ್ಲದಾಕಿ ಅಂತಾರ. ನೀ ಹೇಳು."

ಮುಂದಿನ ಶುಕ್ರವಾರ ಕೂಟದ ಮೊದಲಿಗೆ ಹೇಳಿದೆ. ಕೂತು ಹೇಳಲಾಗದೆ ನಿಂತು ಹೇಳಿದೆ, ಹಾಗಾಗಿ ತೆರೆಯ ಮೇಲೆ ನನ್ನ ಕುತ್ತಿಗೆಯ ಕೆಳಗಿನ ಭಾಗ ಮಾತ್ರ ಎಲ್ಲರಿಗೂ ಕಂಡಿತಂತೆ. ಅದು ಪ್ರಾರ್ಥನೆಯಾಗಿರಲಿಲ್ಲ, ನಮ್ಮನ್ನು ಕರೆದ ಕೂಗಾಗಿತ್ತು, ಅದನ್ನು ಮುಚ್ಚಿದವಳು ನಾನು ಎಂದೆ. ಟ್ರ್ಯಾಕ್ಟರಿನ ವಿಷಯವನ್ನೂ ಹೇಳಿದೆ. ಯಾರ ಮೈಕನ್ನೂ ಮುಚ್ಚಿರಲಿಲ್ಲ, ಆದರೂ ಯಾರೂ ಮಾತಾಡಲಿಲ್ಲ. ಸಭಾಪಾಲಕರು ಒಂದು ಹಾಡು ಹೇಳೋಣ ಎಂದರು. ಮುಂದೆ ಅವರು ರೆಕಾರ್ಡಿಂಗ್ ಕೇಳಲಿಲ್ಲ. "ಕಲತ ಹುಡಗಿ" ಎಂದೂ ಕರೆಯಲಿಲ್ಲ. ಕೆಟ್ಟವರಲ್ಲ ಅವರು. ಜೀಪನ್ನು ಹನ್ನೆರಡಕ್ಕೆ ಎಂದು ಹೇಳಿದ್ದು ಅವರನ್ನೂ ಕಾಡುತ್ತಿರಬೇಕು, ನಾವು ಆ ಬಗ್ಗೆ ಮಾತಾಡಿಲ್ಲ.

ಈಗ ಸಾಮೂಹಿಕ ಪ್ರಾರ್ಥನೆಯಲ್ಲಿ ಎಲ್ಲರ ಮೈಕೂ ತೆರೆದೇ ಇರುತ್ತದೆ. ಗದ್ದಲಕ್ಕೆ ಬೇಸತ್ತು ಹತ್ತು ಹನ್ನೆರಡು ಜನ ಬರುವುದು ಬಿಟ್ಟರು, ಹುಡುಗರೇ ಹೆಚ್ಚು. ನನ್ನ ಫೋನು ಮೇಲ್ಮುಖವಾಗಿ ಪಕ್ಕದಲ್ಲಿರುತ್ತದೆ. ಮೊದಲು ನಾನೂ ಉಳಿದವರ ಹಾಗೆ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದೆ, ಅವ್ವ ಕಲಿಸಿದ ನಾಲ್ಕು ಮಾತು. ಈಗ ಕಣ್ಣು ಮುಚ್ಚಲಾಗುವುದಿಲ್ಲ. ಒಂದು ಮುಖದಿಂದ ಇನ್ನೊಂದಕ್ಕೆ, ಒಂದು ಗೋಡೆಯಿಂದ ಇನ್ನೊಂದಕ್ಕೆ ನೋಡುತ್ತ ಹೋಗುತ್ತೇನೆ. ಎಲ್ಲರೂ ದೇವರ ಜೊತೆ ಮಾತಾಡುವಾಗ ನಾನೊಬ್ಬಳು ಹೊರಗೆ ಕಾವಲು ನಿಂತ ಹಾಗೆ. ಕೂಟ ಮುಗಿದ ಮೇಲೆ ಮಾವಶಿ ಉಳಿಯುವುದಿಲ್ಲ. ಚರ್ಚು ನನ್ನ ಕೋಣೆಯಿಂದ ಹತ್ತು ನಿಮಿಷದ ದಾರಿ, ಆದರೂ ಅವರು ಕರೆಯದೆ ಹೋಗಲು ನನಗೆ ಕಾಲು ಏಳುವುದಿಲ್ಲ.

ಅವರು ಕೂಟಕ್ಕೆ ಬರುತ್ತಾರೆ. ಅಕ್ಕನ ಕಾಟಿನ ಪಕ್ಕದಲ್ಲೇ ಕೂತು, ಬಾಯಿ ಬಿಗಿದುಕೊಂಡು ಪ್ರಾರ್ಥಿಸುತ್ತಾರೆ. ಮನಸ್ಸಿನಲ್ಲೇ ಪ್ರಾರ್ಥಿಸುವ ರೂಢಿ ನಮ್ಮವರಲ್ಲಿ ಇಲ್ಲ. ಅವರೊಬ್ಬರೇ ಹಾಗೆ.

ಹೋದ ಶುಕ್ರವಾರ ಗದ್ದಲದ ನಡುವೆ ಮಾವಶಿಯ ತುಟಿ ಅಲುಗಿತು. ದನಿ ಕೇಳಲಿಲ್ಲ, ಉಳಿದವರ ದನಿಯಲ್ಲಿ ಮುಳುಗಿತ್ತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಕೂಗಿಬಿಟ್ಟೆ.

"ಮಾವಶಿ! ಏನಾತ್ರಿ? ಮಾವಶಿ!"

ಎಲ್ಲ ದನಿಗಳೂ ನಿಂತವು. ಮೂವತ್ತು ಜನ ಕಣ್ಣು ತೆರೆದರು. ಸಾಂಗ್ಲಿಯ ಅತ್ತೆ ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಮಾವಶಿಯೂ ಬೆಚ್ಚಿ ಕಣ್ಣು ತೆರೆದು, ತೆರೆಯಲ್ಲಿ ನನ್ನನ್ನು ಹುಡುಕಿ ನೋಡಿದರು. ಅವರ ಕೈ ಅಕ್ಕನ ಭುಜದ ಮೇಲಿತ್ತು.

"ಏನಿಲ್ಲವಾ," ಎಂದರು. "ಪ್ರಾರ್ಥನಾನ ಮಾಡಾಕತ್ತೇನಿ."

ಆಮೇಲೆ ಒಬ್ಬೊಬ್ಬರಾಗಿ ಮತ್ತೆ ಕಣ್ಣು ಮುಚ್ಚಿದರು.